ಸೊಕ್ಕಿನ ನಾಯಕಿ: ಬಳಸುವ ಕ್ರಮ

ಬೇಕಾಗುವ ಸಾಮಾನು: ಹಗುರ ಪ್ರೇಮ ಕಾದಂಬರಿ ಒಂದು. ವಾಣಿ, ಸಾಯಿಸುತೆ, ಉಷಾ ನವರತ್ನರಾಮ್, ಯಾರದಾದರೂ ನಡೆದೀತು. ರಟ್ಟು ಹಾಕಿ ದಾರದಿಂದ ಹೊಲಿದ ಬಾಡಿಗೆ ಪ್ರತಿಯಾದರೆ ಇನ್ನೂ ಚಲೋ. ಜೊತೆಗೆ ಒಂದು ಪ್ಲೇಟು ಗಿರ್ಮಿಟ್. ಮಿರ್ಚಿ ಬೇಡ, ಎಣ್ಣೆ ಪುಟಕ್ಕೆ ಹತ್ತುತ್ತದೆ. ಈ ನಾಯಕಿಗೆ ಖಾರ ಹೊರಗಿನಿಂದ ತರಬೇಕಾಗಿಯೂ ಇಲ್ಲ.

ಜಾಗ: ಗದಗದಿಂದ ಮುಂಡರಗಿಗೆ ಹೋಗುವ ಬಸ್ಸು. ಡಂಬಳ ದಾಟುವಷ್ಟರಲ್ಲಿ ನಾಯಕನಿಗೂ ನಾಯಕಿಗೂ ಒಂದು ಜಗಳ ಆಗಿರಬೇಕು. ಆಗಿಲ್ಲವಾದರೆ ಪ್ರತಿಯಲ್ಲಿ ದೋಷವಿದೆ, ಪುಸ್ತಕ ಮುಚ್ಚಿ ಕಪ್ಪತಗುಡ್ಡ ನೋಡಿರಿ. ಶಿರಹಟ್ಟಿಯಿಂದ ಲಕ್ಷ್ಮೇಶ್ವರದಂಥ ಸಣ್ಣ ಪ್ರಯಾಣಕ್ಕೆ ಕಾದಂಬರಿ ಹೆಚ್ಚಾಯಿತು. ವಾರಪತ್ರಿಕೆಯ ಧಾರಾವಾಹಿಯ ಒಂದು ಕಂತು ಸಾಕು.

ಸಿಟ್ಟು ಬರಿಸಿಕೊಳ್ಳುವುದು: ಮೂರನೇ ಅಧ್ಯಾಯಕ್ಕೆ ಅದು ತಾನಾಗಿ ಬರುತ್ತದೆ. ಆಕೆ ಆಳಿನ ಮೇಲೆ ರೇಗುತ್ತಾಳೆ, ತಂದುಕೊಟ್ಟ ಕಾಫಿ ಮುಟ್ಟುವುದಿಲ್ಲ, ಒಳ್ಳೆಯ ವರನನ್ನು ಒಲ್ಲೆ ಎನ್ನುತ್ತಾಳೆ. ಬಂದ ಸಿಟ್ಟನ್ನು ಎರಡು ಪಾಲು ಮಾಡಿರಿ. ಅರ್ಧ ಆಕೆಯ ನಡತೆಯ ಮೇಲಿನದು. ಉಳಿದರ್ಧ ಆಕೆಯ ಮೈಸೂರು ಕನ್ನಡದ ಮೇಲಿನದು. ಲಕ್ಷ್ಮೇಶ್ವರದವರಿಗೆ ಈ ಎರಡನೇ ಪಾಲು ತುಸು ಜಾಸ್ತಿ. ಅವರ ಊರೇ ಹಳೆಯ ಪುಲಿಗೆರೆ. ಅಲ್ಲಿಯ ತಿರುಳ್ಗನ್ನಡದಲ್ಲಿ ಬರೆದೆ ಎಂದು ಪಂಪ 941ರಲ್ಲೇ ಹೇಳಿಕೊಂಡ. ಹಾಗಂತ ‘ಹೋಗೋಣ್ವಾ’ ಅಂದಳೆಂದು ಆಕೆಯನ್ನು ಕೆಟ್ಟವಳೆನ್ನುವುದು ನ್ಯಾಯವಲ್ಲ.

ಬೆಟಗೇರಿಯ ನಮ್ಮ ಅತ್ತಿ ಓದಲು ಬಾರದಾಕೆ. ಮಗ್ಗದ ಸಪ್ಪಳದ ಮೇಲೆ ದನಿ ಎತ್ತಿ ನಾನು ಓದಬೇಕು, ಆಕೆ ಕಂಡಿಕಿ ಸುತ್ತುತ್ತ ಕೇಳಬೇಕು. ವಾಣಿಯವರ ‘ಶುಭಮಂಗಳ’ದ ಹಟಮಾರಿ ಹೇಮಾಳನ್ನು ಓದುವಾಗ ಪ್ರತಿ ಪುಟಕ್ಕೂ ಶಾಪ: “ಏನ್ ಸೊಕ್ಕೋ ಅಕೀದು! ಕಪಾಳಕ್ಕ ಎರಡ ಕೊಡಬೇಕು ನೋಡು.” ಸರಿ, ಬೇಡ ಬಿಡು ಎಂದು ಪುಸ್ತಕ ಮುಚ್ಚಿದೆ. ಕಂಡಿಕಿ ನಿಂತಿತು. “ಯಾಕ ನಿಲ್ಲಿಸಿದಿ? ಮುಂದ ಓದೋ ಮಾರಾಯಾ.” ಯಂತ್ರ ಸರಿಯಾಗಿ ನಡೆದಿದೆ ಎಂಬುದಕ್ಕೆ ಇದೇ ಗುರುತು. ತಾಳ್ಮೆಯ ನಾಯಕಿಯ ಪುಸ್ತಕ ಓದಿದಾಗ ಅತ್ತಿಗೆ ನಿದ್ದೆ ಬಂದಿತ್ತು.

ನಾಯಕಿಯ ಬಾಯಿ ಸಹಿಸಲಾಗದಿದ್ದರೆ ಗದಗಿನ ವೀರನಾರಾಯಣ ಗುಡಿಗೆ ಹೋಗಿ, ಕುಮಾರವ್ಯಾಸ ಆತು ಕುಳಿತು ಭಾರತ ಬರೆದನೆಂದು ಊರು ತೋರಿಸುವ ಕಂಬದ ಹತ್ತಿರ ಕೂಡಿರಿ. ಅವನ ವಿರಾಟಪರ್ವ ನೆನಪಾಗಲಿ. ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದ್ದರೂ ಗಂಡಂದಿರು ಸುಮ್ಮನಿದ್ದರು. ರಾತ್ರಿ ಅಡುಗೆಮನೆಗೆ ಹೋಗಿ ಆಕೆ ಭೀಮನಿಗೆ ಆಡಿದ ಮಾತು ಯಾವ ಕಾದಂಬರಿಯ ನಾಯಕಿಯೂ ಆಡಿಲ್ಲ. ಐದೂ ಮಂದಿಯ ಗಂಡಸುತನವನ್ನೇ ತೂಗಿ ಕೆಳಗಿಟ್ಟಳು. ಅದನ್ನು ರಾಗವಾಗಿ ಓದಿಸಿ, ಕೇಳಿ ತಲೆದೂಗಿದ ಊರು ಇದು. ಅದೇ ಮಾತನ್ನು ಸೀರೆ ಉಟ್ಟು ಸ್ಕೂಟರಿನಲ್ಲಿ ಬಂದವಳು ಆಡಿದರೆ ಸೊಕ್ಕು.

ಎಚ್ಚರಿಕೆ: ಕೊನೆಯ 20 ಪುಟ. ಅಲ್ಲಿ ನಾಯಕಿಯನ್ನು ರಿಪೇರಿ ಮಾಡುತ್ತಾರೆ. ಸಲಕರಣೆ ಮೂರೇ: ಜ್ವರ, ಅಪಘಾತ, ಅತ್ತೆಯ ಕಾಲು. ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಸಿನಿಮಾ ಮಾಡಿದಾಗ ಇಂದಿರಾ ಮಾತ್ರ, ಆಸ್ತಿ ಹೋಯಿತೆಂದು ಕೈಬಿಟ್ಟವನು ತಿರುಗಿ ಬಂದರೂ ಒಲ್ಲೆ ಅಂದಳು. ಅಂಥವರು ಅಪರೂಪ. ಉಳಿದವರಿಗಾಗಿ, ಹಿಂದಿನ ಓದುಗರು ಕೊನೆಯ ಹಾಳೆ ಹರಿದಿಟ್ಟ ಪ್ರತಿಯನ್ನೇ ಆರಿಸಿರಿ.

ಅತ್ತಿಗೆ ಅಂಥದೊಂದು ಸಿಕ್ಕಿತ್ತು. ಮದುವೆಯ ಹಿಂದಿನ ದಿನಕ್ಕೆ ಕಥೆ ನಿಂತುಬಿಟ್ಟಿತು. ನಾನು ಹಾಳೆ ಹುಡುಕಾಡಿದೆ. ಅತ್ತಿ ಕಂಡಿಕಿ ಬದಲಿಸಿದಳು.

“ಹೋಗ್ಲಿ ಬಿಡು. ನಾಳೆ ಇನ್ನೊಂದ ತಾ. ಇಂಥಾಕೀದ ತಾ ಮತ್ತ.”