ಮ್ಯಾನ್‌ಹೋಲ್ ಮುಚ್ಚಳ ಮಹಾತ್ಮೆ

ಉಡುಪಿ ಕಡೆಯ ನಮ್ಮ ಪುಟ್ಟ ಊರಿಗೆ ಬರುವ ಪ್ರವಾಸಿಗರು ಕಡಲನ್ನೇ ನೋಡುತ್ತಾ ನಡೆಯುತ್ತಾರೆ. ಪಾಪ, ಅವರಿಗೆ ಗೊತ್ತಿಲ್ಲ. ಇಲ್ಲಿ ತಲೆ ತಗ್ಗಿಸಿ ನಡೆಯುವವನೇ ಪುಣ್ಯವಂತ: ಮ್ಯಾನ್‌ಹೋಲ್ ಮುಚ್ಚಳಗಳ ದರ್ಶನವೂ ಆಗುತ್ತದೆ, ಕಾಲೂ ಉಳಿಯುತ್ತದೆ.

ಬೇರೆ ಊರುಗಳಲ್ಲಿ ಮುಚ್ಚಳ ದುಂಡಗಿರುತ್ತದೆ. ದುಂಡು ಮುಚ್ಚಳವನ್ನು ಹೇಗೆ ತಿರುಗಿಸಿದರೂ ಅದು ತನ್ನ ಗುಂಡಿಯೊಳಗೆ ಬೀಳದು. ಇಂಥ ಸ್ವಾರ್ಥ ನಮ್ಮಲ್ಲಿಲ್ಲ. ನಮ್ಮವು ಚೌಕ, ಸ್ವಲ್ಪ ಓರೆಯಾದರೆ ಸಾಕು, ಸಲೀಸಾಗಿ ಒಳಗಿಳಿಯುತ್ತವೆ. ಬಿದ್ದವನಿಗೆ ಒಂದು ಜೊತೆ ಬೇಡವೇ?

ಮೊದಲು ಎರಕದ ಕಬ್ಬಿಣದವೇ ಇದ್ದವು. ಅವುಗಳ ನೆಂಟರು ಹೌರಾದ ಫೌಂಡ್ರಿಗಳಿಂದ ಹಡಗು ಹತ್ತಿ, ನ್ಯೂಯಾರ್ಕಿನ ಬೀದಿಗಳಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದು ಮೈಮೇಲೆ ಬರೆಸಿಕೊಂಡು ಕೂತಿದ್ದಾರೆ. ನಮ್ಮವಕ್ಕೆ ವಿದೇಶದ ಮೋಹವಿರಲಿಲ್ಲ. ಗುಜರಿ ಅಂಗಡಿಯವರೆಗೆ ಹೋದವು, ಅದೂ ರಾತ್ರಿ ಹೊತ್ತು, ಯಾರ ನಿದ್ದೆಯನ್ನೂ ಕೆಡಿಸದೆ.

ಈಗಿನವು ಕಾಂಕ್ರೀಟಿನವು. ಬಸ್‌ಸ್ಟ್ಯಾಂಡ್ ಎದುರಿನದರ ಮೇಲೆ ‘ಎಚ್‌ಡಿ 20’ ಎಂದು ಅಚ್ಚೊತ್ತಿದ್ದರು. ಭಾರತೀಯ ಮಾನಕದ ಲೆಕ್ಕದಲ್ಲಿ 20 ಟನ್ ತಾಳಬೇಕು. ಮೀನಿನ ಲಾರಿಗಳು ಐಸಿನ ಉಪ್ಪುನೀರು ಸುರಿಸುತ್ತಾ ಅದರ ಮೇಲೆ ಓಡಾಡಿದವು. ಉಪ್ಪು ಒಳಗಿಳಿದು ಸರಳಿಗೆ ತುಕ್ಕು ಹಿಡಿಯಿತು, ತುಕ್ಕು ಹಿಡಿದ ಸರಳು ಉಬ್ಬಿತು, ಉಬ್ಬಿದ ಸರಳು ಕಾಂಕ್ರೀಟನ್ನು ಸೀಳಿತು. ಮೊನ್ನೆ ಸೊನ್ನೆ ಉದುರಿಹೋಗಿ ‘ಎಚ್‌ಡಿ 2’ ಉಳಿದಿದೆ. ಸರಕಾರಿ ಆಸ್ತಿಯೊಂದು ತಾನಾಗಿಯೇ ನಿಜ ನುಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇವುಗಳ ನಿಜವಾದ ಸೊಗಸು ಮಳೆಗಾಲದಲ್ಲಿ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಹೊಯ್ಯುವ ಸೀಮೆ ಇದು. ರಸ್ತೆ, ಚರಂಡಿ, ಗದ್ದೆ ಎಲ್ಲ ಒಂದೇ ಮಟ್ಟವಾದಾಗ ಮುಚ್ಚಳ ಎಲ್ಲಿದೆ, ಎಲ್ಲಿಲ್ಲ ಎಂಬುದು ಊರವರಿಗೆ ಮಾತ್ರ ಗೊತ್ತು. ಆಗ ತೆಂಗಿನ ಮಡಲು ಕೆಲಸಕ್ಕೆ ಹಾಜರಾಗುತ್ತದೆ. ಗುಂಡಿಯಲ್ಲಿ ಮಡಲು ನೆಟ್ಟು, ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದರೆ ಸುರಕ್ಷತಾ ಕ್ರಮ ಮುಗಿಯಿತು. ಮಡಲೂ ತೇಲಿಹೋದ ದಿನ ಮೀನು ಮಾರುವ ಅಕ್ಕ ಇದ್ದಾರೆ: “ಅಲ್ಲಿ ಕಾಲಿಡ್ಬೇಡಿ ಮಾರಾಯ್ರೆ!” ಟೆಂಡರ್ ಇಲ್ಲದೆ ನಡೆಯುವ ಏಕೈಕ ವ್ಯವಸ್ಥೆ ಇದು.

ರಕ್ಷಣಾ ಸಾಮಗ್ರಿ ಕೊಡದೆ ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಿ ಶುಚಿ ಮಾಡಿಸಬಾರದು ಎನ್ನುತ್ತದೆ 2013ರ ಕಾಯ್ದೆ. ನಮ್ಮೂರು ಅದನ್ನು ಮೀರಿಲ್ಲ. ದಾರಿಹೋಕರನ್ನು ಯಾರೂ ಇಳಿಸುವುದಿಲ್ಲ, ಅವರಾಗಿಯೇ ಇಳಿಯುತ್ತಾರೆ. ಶುಚಿ ಮಾಡಿ ಎಂದೂ ಯಾರೂ ಹೇಳುವುದಿಲ್ಲ.

ಇನ್ನು ರಸ್ತೆಗೆ ಡಾಂಬರು ಹಾಕುತ್ತಾರಂತೆ. ಕಳೆದ ಸಲ ಹಾಕಿದಾಗ ಮೂರು ಮುಚ್ಚಳ ಡಾಂಬರಿನಡಿ ಸೇರಿದ್ದವು. ಊರಲ್ಲಿ ಇವತ್ತಿಗೂ ಭದ್ರವಾಗಿರುವುದು ಅವು ಮೂರೇ.