ಎರಡು ತಿಂಗಳ ಕ್ಯಾಪ್ಟನ್

ನಮ್ಮ ಬ್ಯಾಂಕಿನ ಸಾಲ ವಿಭಾಗದಲ್ಲಿ ಒಬ್ಬರು ಕ್ಯಾಪ್ಟನ್ ಇದ್ದಾರೆ. ನಿಮ್ಮ ಆಫೀಸಿನಲ್ಲಿ ಇಲ್ಲದಿದ್ದರೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಇದ್ದಾರು. ಗುರುತು ಹಿಡಿಯುವುದು ಕಷ್ಟವಲ್ಲ. ಮುಖ ನೋಡಿಕೊಳ್ಳಬಹುದಾದಷ್ಟು ಮಿರುಗುವ ಬೂಟು, ಕಿವಿಯ ಸುತ್ತ ಕೂದಲಿನ ಸುಳಿವೇ ಇಲ್ಲದ ಕಟಿಂಗ್, ಬೆಲ್ಟಿನ ಮೇಲೆ ಮಾತ್ರ ಬ್ಯಾಂಕಿನ ಹೊಟ್ಟೆ. ‘ಒಂದು ಗಂಟೆಗೆ ಊಟಕ್ಕೆ ಹೋಗೋಣ’ ಎಂದರೆ ‘ಥರ್ಟೀನ್ ಹಂಡ್ರೆಡ್ ಅವರ್ಸ್’ ಎಂದು ತಿದ್ದುತ್ತಾರೆ. ಡಬ್ಬಿಯಲ್ಲಿ ಅದೇ ಚಿತ್ರಾನ್ನ.

ಇವರು ಟೆರಿಟೋರಿಯಲ್ ಆರ್ಮಿಯ ಅಧಿಕಾರಿ. ವರ್ಷದಲ್ಲಿ ಹತ್ತು ತಿಂಗಳು ಗೃಹಸಾಲ, ಎರಡು ತಿಂಗಳು ರೈಫಲ್ಲು. 1949ರ ಜನವರಿಯಲ್ಲಿ ನಮ್ಮ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರಲ್ಲ, ಅದೇ ವರ್ಷದ ಅಕ್ಟೋಬರಿನಲ್ಲಿ ರಾಜಾಜಿಯವರು ಈ ಅರೆಕಾಲಿಕ ಸೇನೆಯನ್ನು ಉದ್ಘಾಟಿಸಿದರು. ಅಧಿಕಾರಿಯಾಗಿ ಸೇರಲು ಪದವಿ ಬೇಕು, ವಯಸ್ಸು 42 ದಾಟಿರಬಾರದು. ನನಗೆ ಬಹಳ ಹಿಡಿಸಿದ ಷರತ್ತು ಮೂರನೆಯದು: ಬೇರೆ ಕಡೆ ಸಂಪಾದನೆ ಇರಬೇಕು. ಕೆಲಸ ಇಲ್ಲದವನಿಗೆ ಈ ಕೆಲಸ ಕೊಡುವುದಿಲ್ಲ.

ಸೇವೆಗೆ ಹೋಗಿ ಬಂದವರನ್ನು ಹಳೆಯ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಬೇಕೆಂದು ಕಾನೂನಿದೆ. ಕುರ್ಚಿಯ ಬಗ್ಗೆ ಕಾನೂನು ಸುಮ್ಮನಿದೆ. ಇವರು ಕ್ಯಾಂಪಿನಿಂದ ಬರುವಷ್ಟರಲ್ಲಿ ಗಾಲಿ ನೆಟ್ಟಗಿರುವ ಇವರ ಕುರ್ಚಿ ಕೃಷಿ ಸಾಲದ ಮೇಜಿನ ಹಿಂದೆ ಕಾಣಿಸುತ್ತದೆ. ದೇಶದ ಗಡಿ ಕಾಯುವ ತರಬೇತಿಗೆ ಹೋದವರ ಸ್ವಂತ ಗಡಿ ಪ್ರತಿವರ್ಷ ಒಂದೆರಡು ಅಡಿ ಒತ್ತುವರಿಯಾಗುತ್ತದೆ.

ಆಫೀಸಿನಲ್ಲಿ ಅವರು ಅಪ್ಪಟ ಮಿಲಿಟರಿ. ಕಂತು ಕಟ್ಟದವನನ್ನು ಗದರಿಸಬೇಕೆ? ಕ್ಯಾಪ್ಟನ್ ಫೋನ್ ಮಾಡಲಿ. ರೆಕಾರ್ಡ್ ರೂಮಿಗೆ ಹಾವು ಬಂತೆ? ಕ್ಯಾಪ್ಟನ್ ಎಲ್ಲಿ? ಒಂದೇ ಸಂಕಟವೆಂದರೆ 2009ರಲ್ಲಿ ಮೋಹನ್‌ಲಾಲ್, 2011ರಲ್ಲಿ ಧೋನಿ ಇದೇ ಸೇನೆಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿಬಿಟ್ಟದ್ದು. ‘ಸಿನಿಮಾದವರೇ ಕರ್ನಲ್ ಅಂತೆ, ನೀನ್ಯಾಕಪ್ಪಾ ಇನ್ನೂ ಕ್ಯಾಪ್ಟನ್ನು?’ ಎಂದು ಪೆನ್ಷನ್ನಿಗೆ ಬಂದ ಅಜ್ಜಿಯೊಬ್ಬರು ಕೇಳಿದರು. ಅದು ಗೌರವ ಹುದ್ದೆ, ನನ್ನದು ನಿಜವಾದ ಹುದ್ದೆ ಎಂದು ಇವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ‘ಹಾಗಾದ್ರೆ ನಿಂಗೆ ಗೌರವ ಇಲ್ವಾ?’ ಎಂದರು.

ಕ್ಯಾಂಪಿಗೆ ಕಾಲಿಟ್ಟ ಕೂಡಲೇ ಇದೇ ಮನುಷ್ಯ ಅಪ್ಪಟ ಸಿವಿಲಿಯನ್. ಡೆಹ್ರಾಡೂನಿನಿಂದ ಆಗಷ್ಟೇ ಹೊರಬಿದ್ದ ಚಿಗುರುಮೀಸೆಯ ಲೆಫ್ಟಿನೆಂಟ್ ಸಲ್ಯೂಟೇನೋ ಹೊಡೆಯುತ್ತಾನೆ, ಕಣ್ಣು ಮಾತ್ರ ಬೆಲ್ಟಿನ ಮೇಲಿರುತ್ತದೆ. ‘ಸರ್, ನಮ್ಮ ಜೊತೆ ಓಡ್ತೀರಾ, ಇಲ್ಲಾ ಟೈಮ್ ಬರ್ಕೊಳ್ತೀರಾ?’ ರಾತ್ರಿ ಮೆಸ್ಸಿನಲ್ಲಿ ಮಾತ್ರ ಪೂರ್ಣಾವಧಿ ವೀರರೆಲ್ಲ ಒಬ್ಬೊಬ್ಬರಾಗಿ ಪಕ್ಕಕ್ಕೆ ಬಂದು ಕೂರುತ್ತಾರಂತೆ. ಫ್ಲೋಟಿಂಗ್ ರೇಟು ಒಳ್ಳೆಯದೋ ಫಿಕ್ಸೆಡ್ಡೋ? ಹೆಂಡತಿಯ ಹೆಸರನ್ನೂ ಸಾಲಕ್ಕೆ ಸೇರಿಸಬೇಕೆ? ಗುಂಡಿಗೆ ಹೆದರದ ಮೇಜರ್ ಸಾಹೇಬರು ಫಾರ್ಮ್ 16 ಕಂಡರೆ ಬೆವರುತ್ತಾರಂತೆ. ಇಷ್ಟೂ ಕ್ಯಾಪ್ಟನ್ನರೇ ಹೇಳಿದ್ದು. ಸ್ವಲ್ಪ ರಿಯಾಯಿತಿ ಕೊಟ್ಟು ಓದಿಕೊಳ್ಳಿ.

ಕ್ಯಾಪ್ಟನ್ನರ ಮಾವ ಮಡಿಕೇರಿ ಕಡೆಯ ನಿವೃತ್ತ ಸುಬೇದಾರ್. ಹುದ್ದೆಯ ಲೆಕ್ಕದಲ್ಲಿ ಮಾವನೇ ಅಳಿಯನಿಗೆ ಸಲ್ಯೂಟ್ ಹೊಡೆಯಬೇಕು. ಆ ಲೆಕ್ಕವನ್ನು ಆ ಮನೆಯಲ್ಲಿ ಯಾರೂ ತೆಗೆಯುವುದಿಲ್ಲ. ‘ಪಾರ್ಟ್‌ಟೈಮ್ ಫೌಜಿ ಬಂದ’ ಎಂಬುದೇ ಸ್ವಾಗತ. ಒಮ್ಮೆ ಅಳಿಯ ರೇಗಿ ನಜೀರ್ ಅಹ್ಮದ್ ವಾನಿಯ ಹೆಸರೆತ್ತಿದರು. 2018ರಲ್ಲಿ ಕಾಶ್ಮೀರದಲ್ಲಿ ಉಗ್ರರೊಡನೆ ಹೋರಾಡಿ ಮಡಿದ, ಮರಣೋತ್ತರ ಅಶೋಕ ಚಕ್ರ ಪಡೆದ ಲ್ಯಾನ್ಸ್ ನಾಯಕ್. ಸೈನ್ಯ ಸೇರಿದ್ದು ಟೆರಿಟೋರಿಯಲ್ ಆರ್ಮಿಯ 162ನೇ ಬೆಟಾಲಿಯನ್ನಿಗೆ. ಮಾವ ಗ್ಲಾಸು ಕೆಳಗಿಟ್ಟರು. ‘ಅವನು ಸೈನಿಕ’ ಎಂದರು. ಆಮೇಲೆ ಗ್ಲಾಸು ಎತ್ತಿಕೊಂಡು, ‘ನೀನು ಬ್ಯಾಂಕಿನವ.’

2025ರ ಮೇ ತಿಂಗಳ ಕತೆ ಹೇಳಲೇಬೇಕು. ಪಾಕಿಸ್ತಾನದೊಡನೆ ಸಂಘರ್ಷ ನಡೆದಿತ್ತು. 9ರ ಶುಕ್ರವಾರ ಸುದ್ದಿ ಬಂತು: ಟೆರಿಟೋರಿಯಲ್ ಆರ್ಮಿಯನ್ನು ಕರೆಸಿಕೊಳ್ಳಲು ಸೇನಾ ಮುಖ್ಯಸ್ಥರಿಗೆ ಅಧಿಕಾರ, 32 ಪದಾತಿ ಬೆಟಾಲಿಯನ್ನುಗಳಲ್ಲಿ 14ಕ್ಕೆ ಕರೆ ಸಾಧ್ಯತೆ. ಬ್ರಾಂಚಿನಲ್ಲಿ ಸಂಚಲನ. ಗಾಲಿ ಕುರ್ಚಿ ತಾನಾಗಿಯೇ ವಾಪಸ್ ಬಂತು. ಎಂದೂ ಮಾತಾಡಿಸದ ಮ್ಯಾನೇಜರು ಟೀ ತರಿಸಿದರು. ತಲಾ ಇನ್ನೂರು ರೂಪಾಯಿ ವಂತಿಗೆ ಎತ್ತಿ ಮೈಸೂರು ಪೇಟ, ಶಾಲು, ಗಂಧದ ಹಾರ ತಂದೆವು. ಒಬ್ಬರು ಬೀಳ್ಕೊಡುಗೆಯ ಕವನವನ್ನೂ ಬರೆದರು, ಅದರಲ್ಲಿ ಕ್ಯಾಪ್ಟನ್ ಮೂರನೇ ಪದ್ಯದಲ್ಲೇ ಹುತಾತ್ಮರಾಗಿದ್ದರು. ಮಾರನೇ ದಿನ ಸಂಜೆ ಕದನವಿರಾಮ.

ಮುಂದಿನ ವಾರ ಅವರು ಬೂಟು ಮಿರುಗಿಸುತ್ತ ಆಫೀಸಿಗೆ ಬಂದರು. ‘ಹೋಗ್ಲಿಲ್ವಾ?’ ಎಂದು ಎಲ್ಲರೂ ಕೇಳಿದ ಧಾಟಿ ಹೇಗಿತ್ತೆಂದರೆ, ವಂತಿಗೆ ವಾಪಸ್ ಕೊಡಬೇಕಾದದ್ದು ಅವರೇ ಎಂಬಂತಿತ್ತು. ಕರೆ ಬಂದಿಲ್ಲ ಎಂದು ಅವರು ಹೇಳಿದ್ದನ್ನು ನಂಬಿದವರು ಕಡಿಮೆ. ಕವಿಯಂತೂ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ.

ಪೇಟ, ಶಾಲು, ಹಾರ ದಂಡವಾಗಲಿಲ್ಲ. ಮೇ 31ಕ್ಕೆ ನಮ್ಮ ಹೆಡ್ ಕ್ಯಾಷಿಯರ್ ನಿವೃತ್ತರಾದರು. ಶಾಲು ಹೊದಿಸಲು ಕ್ಯಾಪ್ಟನ್ನರನ್ನೇ ಕರೆದೆವು. ಕವನವನ್ನೂ ಓದಿದರು, ಮೂರನೇ ಪದ್ಯ ಬಿಟ್ಟು.