ಸುಂಕದಕಟ್ಟೆಯಲ್ಲಿ ಒಂದು ಹಳೇ ಪ್ಲೇಟು

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಲಂಡನ್ನಿನ ವ್ಯಾಪಾರಿಯೊಬ್ಬನಿಂದ ಆನ್‌ಲೈನ್‌ನಲ್ಲಿ ಕೊಂಡ ಗ್ರಾಮಾಫೋನ್ ಪ್ಲೇಟು ಕಸ್ಟಮ್ಸ್ ಗೋದಾಮಿನ ಕಬ್ಬಿಣದ ರ್‍ಯಾಕಿನಲ್ಲಿ ಕೂತಿದೆ. ಗೌಹರ್ ಜಾನ್ ಹಾಡಿದ ಪ್ಲೇಟು, ನೂರು ದಾಟಿದ ಜೀವ. ಪಾರ್ಸೆಲ್ಲಿಗೆ ಅಂಟಿಸಿದ್ದ ಟೇಪು ಪರಿಶೀಲನೆಯ ವೇಳೆ ಕಿತ್ತುಹೋಗಿದ್ದರಿಂದ ಅಜ್ಜಿಗೆ ಮಾತಾಡಲು ದಾರಿಯಾಯಿತು.

*ಅಜ್ಜಿ, ನಮಸ್ಕಾರ. ಪ್ರಯಾಣ ಹೇಗಿತ್ತು?*

ಪ್ರಯಾಣಕ್ಕೇನಪ್ಪ, ವಿಮಾನ, ಒಂದು ರಾತ್ರಿಯದು. ಇಳಿದ ಮೇಲಿನದ್ದೇ ಉದ್ದ. ಹೋದ ಸಲ ಹಡಗಿನಲ್ಲಿ ಬಂದಾಗಲೂ ಇಷ್ಟು ಕಾಯಲಿಲ್ಲ.

*ಹೋದ ಸಲ ಅಂದರೆ?*

1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹೋಟೆಲ್ ಕೋಣೆಯಲ್ಲಿ ಧ್ವನಿಮುದ್ರಣದ ಕೊಂಬು ನೆಟ್ಟ. ಗೌಹರ್ ಅದರೊಳಗೆ ಮುಖ ತೂರಿಸಿ ಹಾಡಿದಳು. ಹಾಡು ಮುಗಿದ ತಕ್ಷಣ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿದಳು. ಜಂಬ ಅಂತ ನೀವೆಲ್ಲ ತಿಳಿದಿರಬಹುದು. ಆದರೆ ಹಾಡಿನ ಅಚ್ಚು ಹೋಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ಗೆ. ಅಲ್ಲಿ ಪ್ಲೇಟು ಒತ್ತುವವನಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಡವೇ? ನನ್ನ ಮೈ ಅರಗಿನದು. ನಮ್ಮ ಕಾಡಿನ ಹುಳ ಮಾಡಿದ ಅರಗು, ನಮ್ಮ ಹೆಣ್ಣಿನ ಗಂಟಲು. ಎರಡೂ ಹ್ಯಾನೋವರ್‌ಗೆ ಹೋಗಿ, ವಿಲಾಯತಿ ಮಾಲಾಗಿ ಹಿಂದಿರುಗಿದವು. ಕಲ್ಕತ್ತೆಯ ಸೀಲ್ದಾದಲ್ಲಿ ಕಾರ್ಖಾನೆ ಬಂದದ್ದು 1908ರಲ್ಲಿ. ಅಲ್ಲಿಯವರೆಗೂ ಇದೇ ಗಿರಕಿ.

*ಆಗಲೂ ಸುಂಕ ಇತ್ತೇ?*

ಇತ್ತು. 1894ರಿಂದ ಬ್ರಿಟಿಷರ ಸಾಮಾನ್ಯ ಆಮದು ಸುಂಕ ನೂರಕ್ಕೆ ಐದು. ಆಮೇಲೆ ಯಾವನೋ ದೊರೆ ಪಿಂಚಣಿ ಪಡೆದು ಊರಿಗೆ ಹೊರಟಾಗ ಕೋಟಿನ ಮಡಿಕೆಯಲ್ಲಿ ನನ್ನನ್ನು ಸುತ್ತಿಕೊಂಡು ಹೋದ. ಹೋಗುವಾಗ ಯಾರೂ ‘ಯಾಕಮ್ಮ’ ಅನ್ನಲಿಲ್ಲ. ಬರುವಾಗ ಮಾತ್ರ ಎಲ್ಲರಿಗೂ ನನ್ನ ಮೇಲೆ ಅಕ್ಕರೆ.

*ಇಲ್ಲಿ ತಡೆದದ್ದು ಯಾಕೆ?*

ಲಂಡನ್ನಿನವನು ಉಪಕಾರ ಮಾಡಲು ಹೋಗಿ ಫಾರಂನಲ್ಲಿ ‘ಹಳೇ ಪ್ಲೇಟು, ಬೆಲೆ ಇಲ್ಲ’ ಎಂದು ಗೀಚಿದ. ಅದರ ಕೆಳಗಿನ ಸಾಲಿನಲ್ಲೇ ವಿಮೆ ನೂರು ಪೌಂಡು. ಅಧಿಕಾರಿ ಕನ್ನಡಕ ಏರಿಸಿ, ‘ಬೆಲೆಯೇ ಇಲ್ಲದ್ದಕ್ಕೆ ವಿಮೆ ಯಾಕಪ್ಪ?’ ಎಂದರು. ಅವರ ತಪ್ಪೇನೂ ಇಲ್ಲ, ನಾನಿದ್ದರೂ ಕೇಳುತ್ತಿದ್ದೆ. ಈಗ ಬೆಲೆ ಗೊತ್ತಾಗಬೇಕು. ಬೆಲೆಗೆ ಅಂಚೆ ಖರ್ಚು ಸೇರಬೇಕು, ವಿಮೆಯೂ ಸೇರಬೇಕು. ನಾನು ಒಡೆಯಬಾರದು ಅಂತ ಸುತ್ತಿದ ರಟ್ಟು, ಸ್ಪಂಜು, ಅದನ್ನು ಹೊತ್ತು ತಂದ ವಿಮಾನದ ಬಾಡಿಗೆ, ಎಲ್ಲದಕ್ಕೂ ಸುಂಕ.

*ಸುಂಕ ಎಷ್ಟಾಗುತ್ತದೆ?*

ಪಕ್ಕದ ರ್‍ಯಾಕಿನಲ್ಲಿ ಬಹಳ ವರ್ಷದಿಂದ ಬಿದ್ದಿರುವ ಹಳೇ ಪೆಟ್ಟಿಗೆಯೊಂದು ತನ್ನ ಕಾಲದ ಲೆಕ್ಕ ಹೇಳಿತು, ಕೇಳು. ನೂರು ರೂಪಾಯಿ ಮಾಲಿಗೆ 35 ರೂಪಾಯಿ ಸುಂಕ. ಆ ಸುಂಕದ ಮೇಲೆ ನೂರಕ್ಕೆ ಹತ್ತರಂತೆ ಸಮಾಜ ಕಲ್ಯಾಣ ಸರ್‌ಚಾರ್ಜು, ಅಂದರೆ ಮೂರೂವರೆ ರೂಪಾಯಿ. ಈಗ 138.50 ಆಯಿತಲ್ಲ, ಅದರ ಮೇಲೆ ಶೇ. 28 ಐಜಿಎಸ್‌ಟಿ, 38 ರೂಪಾಯಿ 78 ಪೈಸೆ. ಒಟ್ಟು ತೆರಿಗೆ 77 ರೂಪಾಯಿ 28 ಪೈಸೆ. ಮಾಲಿನ ಮೇಲೆ ತೆರಿಗೆ, ತೆರಿಗೆಯ ಮೇಲೆ ಸರ್‌ಚಾರ್ಜು, ಮೂರನ್ನೂ ಸೇರಿಸಿ ಮತ್ತೆ ತೆರಿಗೆ! ಠುಮ್ರಿ ಹಾಡುವವಳು ಒಂದೇ ಸಾಲನ್ನು ಹೊರಳಿಸಿ ಹೊರಳಿಸಿ ಹಾಡುತ್ತಿದ್ದದ್ದನ್ನು ಕೇಳಿ ಬೆಳೆದವಳು ನಾನು. ನನಗೇ ತಲೆ ತಿರುಗಿತು.

*ಈಚೆಗೆ ಇಳಿಸಿದ್ದಾರಲ್ಲ?*

ಇಳಿಸಿದ್ದಾರೆ, ಅನ್ಯಾಯ ಹೇಳಬಾರದು. ಸ್ವಂತ ಬಳಕೆಗೆ ತರಿಸುವ ಮಾಲಿನ ಮೂಲ ಸುಂಕ 2025ರ ಬಜೆಟ್ಟಿನಲ್ಲಿ 35ರಿಂದ 20ಕ್ಕೆ ಬಂತು. 2026ರ ಬಜೆಟ್ಟಿನಲ್ಲಿ 10ಕ್ಕೆ ಇಳಿಸುವುದಾಗಿ ಹೇಳಿದರು. ಇನ್ನೂ ಸ್ವಲ್ಪ ಇಳಿದರೆ ಬ್ರಿಟಿಷರ ಐದಕ್ಕೆ ತಲುಪಬಹುದು. ಮೇಲೆ ಬರುವ ಐಜಿಎಸ್‌ಟಿ ಬೇರೆ ಮಾತು.

*ಉಡುಗೊರೆ ಅಂತ ಬರೆಸಿದ್ದರೆ ಆಗುತ್ತಿರಲಿಲ್ಲವೇ? ಎಲ್ಲರೂ ಅದನ್ನೇ ಹೇಳುತ್ತಾರೆ.*

ಅದು ಹಳೇ ಕಾಲದ ಉಪಾಯ ಮಗಾ. ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಸುಂಕವಿಲ್ಲ ಅಂತ ಒಂದು ಕಿಂಡಿ ಇತ್ತು. ಪ್ರಪಂಚದ ಅಂಗಡಿಗಳೆಲ್ಲ ಇದ್ದಕ್ಕಿದ್ದಂತೆ ಭಾರತೀಯರ ಬಂಧುಗಳಾಗಿ ಉಡುಗೊರೆ ಕಳಿಸತೊಡಗಿದವು. 2019ರ ಡಿಸೆಂಬರಿನಲ್ಲಿ ಕಿಂಡಿ ಮುಚ್ಚಿದರು. ಜೀವ ಉಳಿಸುವ ಔಷಧಿಗೆ ಮತ್ತು ರಾಖಿಗೆ ಮಾತ್ರ ರಿಯಾಯಿತಿ. ಅದೂ ಬರೀ ರಾಖಿಗೆ. ರಾಖಿಯ ಜೊತೆ ಅಕ್ಕ ಏನಾದರೂ ಕಳಿಸಿದರೆ ಅದಕ್ಕಿಲ್ಲ. ನನ್ನ ನಡುವಿನ ತೂತಿಗೆ ಒಂದು ದಾರ ಪೋಣಿಸಿ ಕಳಿಸಿದ್ದರೆ ಏನಾಗುತ್ತಿತ್ತೋ, ಮೇಷ್ಟ್ರಿಗೆ ಹೊಳೆಯಲಿಲ್ಲ.

*ನೀವು ಪುರಾತನ ವಸ್ತು ಅಂತ ಮೇಷ್ಟ್ರು ಅರ್ಜಿ ಕೊಟ್ಟರಂತೆ?*

ಕೊಟ್ಟರು. ಸಾರ್ವಜನಿಕ ಮ್ಯೂಸಿಯಂ ಪ್ರದರ್ಶನಕ್ಕೆ ತರಿಸಿದರೆ ವಿನಾಯಿತಿ ಉಂಟು. ಮೇಷ್ಟ್ರ ಮನೆಯ ನಡುಮನೆ ಮ್ಯೂಸಿಯಂ ಅಲ್ಲವಲ್ಲ. ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ, ಕಾಫಿಯನ್ನೂ ಕೊಡುತ್ತೇನೆ ಅಂತ ಪತ್ರ ಬರೆದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಕೆಲಸ ಅವರಿಗೆ ಯಾಕೆ ಬೇಕಿತ್ತು!

*ಆದರೆ ನೂರು ವರ್ಷ ದಾಟಿದ ವಸ್ತುವಿಗೆ ಕಾನೂನಿನಲ್ಲಿ ಗೌರವ ಇದೆಯಲ್ಲ?*

ಹೇಗಿದೆ ಅಂತ ಕೇಳು. (ಇಲ್ಲಿ ಅಜ್ಜಿಯ ದನಿ ಒಂದು ಸುತ್ತು ಏರಿತು.) 1972ರಲ್ಲಿ ಪುರಾತನ ವಸ್ತುಗಳ ಕಾಯ್ದೆ ಮಾಡಿದ್ದಾರೆ. ನೂರು ವರ್ಷ ತುಂಬಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಆಚೆ ಕಳಿಸುವಂತಿಲ್ಲ. ಒಳ್ಳೆಯದೇ, ಎಷ್ಟು ವಿಗ್ರಹ ಹೋಯಿತೋ ಲೆಕ್ಕವಿಲ್ಲ. ಈಗ ಮೇಷ್ಟ್ರು ಸುಂಕ ಕಟ್ಟಿ ನನ್ನನ್ನು ಮನೆಗೆ ಒಯ್ದರು ಅನ್ನು. ನಾಳೆ ಕೈ ಬಿಗಿಯಾಗಿ ವಾಪಸ್ ಲಂಡನ್ನಿಗೆ ಮಾರಲು ಹೊರಟರೆ ನಾನು ರಾಷ್ಟ್ರದ ಸಂಪತ್ತು, ಮುಟ್ಟುವಂತಿಲ್ಲ. ಒಳಗೆ ಬರುವಾಗ ಮಾತ್ರ ‘ಸ್ವಂತ ಬಳಕೆಯ ಸರಕು’, ಸೀಮೆಯ ಶೂಸು, ವಾಚಿನ ಬೆಲ್ಟಿನ ಸಾಲು. ಬಾಗಿಲು ಒಂದೇ, ಆಚೆಗೆ ಹೋಗುವಾಗ ದೇವಿ, ಈಚೆಗೆ ಬರುವಾಗ ತರಕಾರಿ. ನನ್ನ ಕಾಲದ ಪ್ಲೇಟಿಗೆ ಹಾಡು ಒಂದೇ ಮುಖದಲ್ಲಿ. ಹಿಂದಿನ ಮೈಯಲ್ಲಿ ಕಂಪನಿಯ ದೇವದೂತನ ಮುದ್ರೆ ಇದೆಯೇ ಹೊರತು ಗೆರೆಯಿಲ್ಲ. ಎರಡು ಮುಖದಲ್ಲಿ ಎರಡು ಹಾಡು ಹೇಳುವ ವಿದ್ಯೆ ನಮಗೆ ಗೊತ್ತಿಲ್ಲ.

*ಮೈಸೂರಿಗೆ ಹೋಗುವ ಆಸೆ ಇದೆಯೇ?*

ಯಾಕಿರಬಾರದು? ಗೌಹರ್ ಕೊನೆಗೆ ಬಂದು ಸೇರಿದ್ದು ಅಲ್ಲಿಗೇ. 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದಳು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಮೇಷ್ಟ್ರು ಇದನ್ನೂ ಅರ್ಜಿಯಲ್ಲಿ ಬರೆದಿದ್ದರು. ‘ಗಾಯಕಿಯ ಮರಣ ಪ್ರಮಾಣಪತ್ರ ಲಗತ್ತಿಸಿಲ್ಲ’ ಎಂದು ಷರಾ ಬಂತು.

*ಪಕ್ಕದಲ್ಲಿ ಯಾರಿದ್ದಾರೆ?*

ಜಪಾನಿನ ಒಂದು ಬೊಂಬೆ. ಗಾಜಿನ ಬೀರುವಿನಲ್ಲಿ ಇಡುವ ಜಾತಿ, ಮಕ್ಕಳ ಕೈಗೆ ಕೊಡುವುದಲ್ಲ. ಆದರೆ 2021ರಿಂದ ಆಟಿಕೆ ಅಂದರೆ ಐಎಸ್‌ಐ ಗುರುತು ಬೇಕು. ಆಟಿಕೆ ಅಲ್ಲವೆಂದರೆ ಏನು ಅಂತ ಸಾಬೀತು ಮಾಡಬೇಕು. ಪಾಪ, ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದೆ.

*ಬೇರೆ ದೇಶಗಳಲ್ಲಿ ಹೀಗಿಲ್ಲವಲ್ಲ ಅಂತ ಸಂಗ್ರಾಹಕರು ಗೊಣಗುತ್ತಾರೆ.*

ಆ ಗೊಣಗಾಟವೂ ಹಳತಾಯಿತು. ಯುರೋಪಿನವರು 22 ಯೂರೋವರೆಗಿನ ವ್ಯಾಟ್ ವಿನಾಯಿತಿಯನ್ನು 2021ರ ಜುಲೈನಲ್ಲಿ ತೆಗೆದರು. ಅಮೆರಿಕದವರು 800 ಡಾಲರಿನ ವಿನಾಯಿತಿಯನ್ನು 2025ರ ಆಗಸ್ಟ್ 29ಕ್ಕೆ ನಿಲ್ಲಿಸಿದರು. ಆ ಗಡಿಬಿಡಿಯಲ್ಲಿ ನಮ್ಮ ಅಂಚೆಯವರು ಕೆಲವು ವಾರ ಅಲ್ಲಿಗೆ ಪಾರ್ಸೆಲ್ಲನ್ನೇ ತೆಗೆದುಕೊಳ್ಳಲಿಲ್ಲ. ಸುಂಕದ ವಿಷಯದಲ್ಲಿ ಈಗ ವಸುಧೈವ ಕುಟುಂಬವೇ.

*ಸರಿ, ಯಾವಾಗ ಬಿಡುಗಡೆ?*

ಮೇಷ್ಟ್ರು ಆಧಾರ್ ಕೊಟ್ಟಾಯಿತು, ಹಣ ಕಟ್ಟಿದ ರಸೀದಿ ಕೊಟ್ಟಾಯಿತು. ಸುಂಕವನ್ನು ತಾನೇ ಮುಂಗಡ ಕಟ್ಟಿದ್ದಕ್ಕೆ ಕೊರಿಯರಿನವನ ಸೇವಾ ಶುಲ್ಕ, ಅದಕ್ಕೊಂದು ಜಿಎಸ್‌ಟಿ, ಅದೂ ಆಯಿತು. ನಾಳೆ ಬಿಡಬಹುದು.

*ಹಾಗಾದರೆ ನಾಳಿದ್ದು ಮೈಸೂರಿನಲ್ಲಿ ಹಾಡು?*

ಎಲ್ಲಿಯ ಹಾಡು! ನನ್ನನ್ನು ಹಾಡಿಸಲು ಉಕ್ಕಿನ ಸೂಜಿ ಬೇಕು, ಒಂದು ಸಲಕ್ಕೆ ಒಂದು. ಮೇಷ್ಟ್ರು ಬರ್ಮಿಂಗ್‌ಹ್ಯಾಮಿನಿಂದ ಇನ್ನೂರು ಸೂಜಿಯ ಡಬ್ಬಿ ತರಿಸಿದ್ದಾರೆ. ಅದು ಕೆಳಗಿನ ರ್‍ಯಾಕಿನಲ್ಲಿದೆ. ಇನ್ನೂರು ಸೂಜಿ ಅಂತ ಓದಿದವರು ಔಷಧ ನಿಯಂತ್ರಕರ ಎನ್‌ಒಸಿ ಕೇಳಿದ್ದಾರೆ, ಜೊತೆಗೆ ರೋಗಿಯ ಹೆಸರು.